ಬಿಚ್ಚದೆ ಓದಿದ ಸುರುಳಿ: ಎರಡು ಸಾವಿರ ವರ್ಷಗಳ ಹಿಂದೆ ಕರಕಲಾದ ಪುಸ್ತಕದ ಅಕ್ಷರಗಳು ಕಂಡದ್ದು ಹೇಗೆ?

ನೋಡುವುದಕ್ಕೆ ಅದು ಒಲೆಯಲ್ಲಿ ಅರ್ಧ ಉರಿದು ಆರಿದ ಕೊಳ್ಳಿಯ ತುಂಡಿನಂತಿದೆ. ಹೆಚ್ಚುಕಡಿಮೆ ಗೇಣುದ್ದ, ಒಂದು ಕಡೆ ಜಜ್ಜಿಹೋದ ಮೈ, ಇದ್ದಿಲಿನ ಬಣ್ಣ. ಅಜಾಗರೂಕತೆಯಿಂದ ಮುಟ್ಟಿದರೆ ಪುಡಿ ಉದುರುತ್ತದೆ. ಈ ತುಂಡಿನೊಳಗಿದ್ದ ಗ್ರೀಕ್ ಬರಹದ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳನ್ನು, ಒಂದು ಎಳೆಯನ್ನೂ ಬಿಚ್ಚದೆ ಓದಲಾಗಿದೆ ಎಂಬ ಘೋಷಣೆ 2024ರ ಫೆಬ್ರವರಿ 5ರಂದು ಹೊರಬಿದ್ದಿತು. ಓದಿದವರು ಮೂವರು ಯುವಕರು; ಅವರಿಗೆ ಸಿಕ್ಕ ಬಹುಮಾನ 7 ಲಕ್ಷ ಡಾಲರ್.

ಸುದ್ದಿಯ ತಲೆಬರಹಗಳಲ್ಲಿ ಇದು ‘ಕೃತಕ ಬುದ್ಧಿಮತ್ತೆ ಪ್ರಾಚೀನ ಪುಸ್ತಕವನ್ನು ಓದಿತು’ ಎಂಬ ಒಂದು ಸಾಲಾಗಿ ಬಂತು. ಆ ಸಾಲನ್ನು ಓದಿದವರಿಗೆ ಸಹಜವಾಗಿಯೇ ಹಲವು ಪ್ರಶ್ನೆಗಳು ಏಳುತ್ತವೆ. ಸುಟ್ಟುಹೋದ ಪುಸ್ತಕದಲ್ಲಿ ಅಕ್ಷರ ಉಳಿಯುವುದಾದರೂ ಹೇಗೆ? ಮುಚ್ಚಿದ ಸುರುಳಿಯ ಒಳಗನ್ನು ನೋಡುವುದು ಹೇಗೆ? ಯಂತ್ರವು ತನಗೆ ತೋಚಿದ್ದನ್ನೇ ಬರೆದು ಕೊಟ್ಟಿಲ್ಲವೆಂದು ನಂಬುವುದು ಹೇಗೆ? ಇವುಗಳಿಗೆ ಉತ್ತರ ಹುಡುಕಿದರೆ, ಆ ಒಂದು ಸಾಲಿನ ಹಿಂದೆ ಭೌತವಿಜ್ಞಾನ, ರೇಖಾಗಣಿತ, ಗಂಟೆಗಟ್ಟಲೆ ಕಣ್ಣಿಟ್ಟು ನೋಡಿದ ಮನುಷ್ಯರ ತಾಳ್ಮೆ ಮತ್ತು ಗ್ರೀಕ್ ಪಾಂಡಿತ್ಯ ಇವೆಲ್ಲವೂ ಸೇರಿವೆ ಎಂಬುದು ತಿಳಿಯುತ್ತದೆ. ಯಂತ್ರದ ಪಾಲು ಅವುಗಳಲ್ಲಿ ಒಂದು ಮಾತ್ರ.

ಪುಸ್ತಕಗಳು ಇದ್ದಿಲಾದ ದಿನ

ಇಟಲಿಯ ನೇಪಲ್ಸ್ ನಗರದ ಬಳಿ ವೆಸುವಿಯಸ್ ಎಂಬ ಜ್ವಾಲಾಮುಖಿ ಪರ್ವತವಿದೆ. ಕ್ರಿ.ಶ. 79ರಲ್ಲಿ ಅದು ಸಿಡಿದಾಗ ಪೊಂಪೇ ಪಟ್ಟಣ ಬೂದಿಯಡಿ ಹೂತುಹೋದ ಕಥೆ ಬಹುಮಂದಿಗೆ ಗೊತ್ತು. ಅದೇ ಪರ್ವತದ ಇನ್ನೊಂದು ಮಗ್ಗುಲಲ್ಲಿ, ಕಡಲ ದಂಡೆಯಲ್ಲಿ, ಹರ್ಕ್ಯುಲೇನಿಯಂ ಎಂಬ ಚಿಕ್ಕ ಪಟ್ಟಣವಿತ್ತು. ಅದರ ಮೇಲೆ ಬಂದೆರಗಿದ್ದು ಕುದಿಯುವ ಅನಿಲ, ಬೂದಿ ಮತ್ತು ಕಲ್ಲುಚೂರುಗಳ ಪ್ರವಾಹ. ನೂರಾರು ಡಿಗ್ರಿ ಶಾಖದ ಆ ಪ್ರವಾಹ ಅಲೆಯ ಮೇಲೆ ಅಲೆಯಾಗಿ ಬಂದು ಪಟ್ಟಣವನ್ನು ಸುಮಾರು 20 ಮೀಟರ್ ಆಳದಲ್ಲಿ ಮುಚ್ಚಿತು. ಕಾಲಕ್ರಮದಲ್ಲಿ ಗಟ್ಟಿಯಾಗಿ ಕಲ್ಲಾಯಿತು.

ಪಟ್ಟಣದ ಅಂಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಒಂದು ಭವ್ಯ ಬಂಗಲೆಯಿತ್ತು. ಜೂಲಿಯಸ್ ಸೀಸರನ ಮಾವನಾದ ಲೂಸಿಯಸ್ ಕಾಲ್ಪುರ್ನಿಯಸ್ ಪೀಸೋ ಅದರ ಒಡೆಯನಾಗಿದ್ದಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆ ಮನೆಯಲ್ಲೊಂದು ಗ್ರಂಥಭಂಡಾರವಿತ್ತು. ಬಿಸಿ ಪ್ರವಾಹ ಅದನ್ನೂ ಮುಚ್ಚಿತು.

ಹೀಗೆ ಮುಚ್ಚಿದ ಪುಸ್ತಕಗಳು ಬೂದಿಯಾಗಲಿಲ್ಲವೇಕೆ ಎಂಬುದಕ್ಕೆ ಉತ್ತರ ನಮ್ಮ ಇದ್ದಿಲು ಸುಡುವವರ ಕೆಲಸದಲ್ಲಿದೆ. ಅವರು ಕಟ್ಟಿಗೆಯನ್ನು ಒಟ್ಟಿ, ಮೇಲೆ ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಗಾಳಿಯಾಡದಂತೆ ಮಾಡಿ ಬೇಯಿಸುತ್ತಾರೆ. ಗಾಳಿ ಸಿಕ್ಕಿದರೆ ಕಟ್ಟಿಗೆ ಹೊತ್ತಿ ಉರಿದು ಬೂದಿಯಾಗುತ್ತದೆ. ಗಾಳಿಯಿಲ್ಲದೆ ಶಾಖ ಮಾತ್ರ ತಾಗಿದರೆ ಅದರೊಳಗಿನ ನೀರು ಮತ್ತು ಆವಿಯಾಗುವ ಅಂಶಗಳು ಹೊರಟುಹೋಗಿ ಇಂಗಾಲದ ಒಡಲು ಹಾಗೆಯೇ ಉಳಿಯುತ್ತದೆ. ಇದ್ದಿಲಿನ ತುಂಡನ್ನು ಒಡೆದು ನೋಡಿದರೆ ಮರದ ಎಳೆಗಳು ಸಹ ಕಾಣುವುದು ಈ ಕಾರಣಕ್ಕೆ. ಹರ್ಕ್ಯುಲೇನಿಯಂನ ಸುರುಳಿಗಳಿಗೆ ಆದದ್ದು ಇದೇ. ಅವು ಕುಗ್ಗಿದವು, ಜಜ್ಜಿಹೋದವು, ಪದರಗಳು ಒಂದಕ್ಕೊಂದು ಅಂಟಿಕೊಂಡವು. ಆದರೆ ಪದರದ ಮೇಲಿನ ಬರಹ ತನ್ನ ಜಾಗ ಬಿಟ್ಟು ಕದಲಲಿಲ್ಲ. ಇದ್ದಿಲು ಕೊಳೆಯುವುದಿಲ್ಲ, ಅದಕ್ಕೆ ಗೆದ್ದಲು ಹತ್ತುವುದಿಲ್ಲ. ಇಟಲಿಯ ಹವೆಯಲ್ಲಿ ಸುಡದ ಸುರುಳಿಯಾಗಿದ್ದರೆ ಕೆಲವು ಶತಮಾನಗಳಲ್ಲೇ ಮಣ್ಣಾಗಿ ಹೋಗುತ್ತಿತ್ತು. ಗ್ರೀಕ್ ಮತ್ತು ರೋಮನ್ ಜಗತ್ತಿನ ಗ್ರಂಥಭಂಡಾರವೊಂದು ತನ್ನ ಪುಸ್ತಕಗಳ ಸಮೇತ ನಮ್ಮ ಕಾಲಕ್ಕೆ ಉಳಿದುಬಂದಿರುವುದು ಇದೊಂದೇ, ಮತ್ತು ಅದನ್ನು ಉಳಿಸಿದ್ದು ಅದನ್ನು ಸುಟ್ಟ ಶಾಖವೇ.

ಪಪೈರಸ್ ಎಂದರೇನು?

ನೈಲ್ ನದಿಯ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಪಪೈರಸ್ ಗಿಡ ನಮ್ಮ ಗದ್ದೆಗಳ ಜೇಕಿನ ಕುಲಕ್ಕೆ ಸೇರಿದ್ದು. ಅದರ ದಂಟಿನ ತಿರುಳನ್ನು ತೆಳ್ಳಗಿನ ಪಟ್ಟಿಗಳಾಗಿ ಸೀಳಿ, ಒಂದು ಸಾಲನ್ನು ಅಡ್ಡಲಾಗಿ, ಅದರ ಮೇಲೆ ಇನ್ನೊಂದು ಸಾಲನ್ನು ಉದ್ದಲಾಗಿ ಹಾಸಿ, ಒತ್ತಿ ಒಣಗಿಸಿದರೆ ಬರೆಯುವ ಹಾಳೆ ಸಿದ್ಧವಾಗುತ್ತದೆ. ಇಂಥ ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಉದ್ದನೆಯ ಪಟ್ಟಿ ಮಾಡಿ ಸುತ್ತಿಟ್ಟರೆ ಅದೇ ಪುಸ್ತಕ. ಬಿಡಿಸಿ ಹರಡಿದರೆ ಕೆಲವು ಸುರುಳಿಗಳು ಹತ್ತು ಮೀಟರಿಗಿಂತಲೂ ಉದ್ದವಾಗುತ್ತವೆ. ಬರೆಯುವ ಶಾಯಿಯನ್ನು ದೀಪದ ಮಸಿಗೆ ಅಂಟು ಮತ್ತು ನೀರು ಬೆರೆಸಿ ಮಾಡುತ್ತಿದ್ದರು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಇಡೀ ಸಮಸ್ಯೆಯ ಗಂಟು ಇರುವುದು ಅಲ್ಲಿಯೇ.

ಪಪೈರಸ್ ಎಂಬ ಹೆಸರು ಕನ್ನಡಿಗರಿಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಅಚ್ಚಾದ, ಕ್ರಿ.ಶ. ಎರಡನೆಯ ಶತಮಾನದ್ದೆಂದು ಹೇಳಲಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ಶಾಸನತಜ್ಞ ಹುಲ್ಟ್ಜ್ ಸೂಚಿಸಿದ್ದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮೊದಲಾದವರು ಆ ಜಾಡನ್ನು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಆ ಪಪೈರಸ್ ಉಳಿದದ್ದು ಈಜಿಪ್ಟಿನ ಮರಳಿನ ಒಣಗುಣದಿಂದ. ಹರ್ಕ್ಯುಲೇನಿಯಂನದು ಉಳಿದದ್ದು ಬೆಂಕಿಯಿಂದ.

ಬಿಚ್ಚಲು ಹೋಗಿ ಕಳೆದುಕೊಂಡದ್ದು

1750ರಲ್ಲಿ ಬಾವಿ ತೋಡುತ್ತಿದ್ದವರಿಗೆ ಆ ಬಂಗಲೆಯ ನೆಲಹಾಸು ತಗುಲಿತು. ಆಗಿನ ನೇಪಲ್ಸ್ ದೊರೆಗೆ ಬೇಕಾಗಿದ್ದದ್ದು ಶಿಲ್ಪಗಳು, ಕಂಚಿನ ಮೂರ್ತಿಗಳು. ಕಾರ್ಲ್ ವೆಬರ್ ಎಂಬ ಸ್ವಿಸ್ ಎಂಜಿನಿಯರನ ಉಸ್ತುವಾರಿಯಲ್ಲಿ ಕಲ್ಲಾದ ಬೂದಿಯೊಳಗೆ ಸುರಂಗಗಳನ್ನು ಕೊರೆಯಲಾಯಿತು. 1752ರಲ್ಲಿ ಮೊದಲ ಸುರುಳಿಗಳು ಕಂಡವು. ಕೆಲಸಗಾರರು ಅವನ್ನು ಇದ್ದಿಲು ತುಂಡುಗಳೆಂದು ತಿಳಿದು ಎಸೆದರೆಂದು ಹೇಳುವುದುಂಟು. ಒಂದರಲ್ಲಿ ಅಕ್ಷರ ಕಂಡ ಮೇಲೆ ಅವು ಪುಸ್ತಕಗಳೆಂಬುದು ತಿಳಿಯಿತು. ಇಂದು ತುಂಡುಗಳೂ ಸೇರಿ ಪಟ್ಟಿಯಲ್ಲಿರುವವು 1,800ಕ್ಕೂ ಹೆಚ್ಚು. ಹೆಚ್ಚಿನವು ನೇಪಲ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. 1802ರಲ್ಲಿ ನೆಪೋಲಿಯನ್‌ಗೆ ಆರು ಸುರುಳಿಗಳನ್ನು ಉಡುಗೊರೆಯಾಗಿ ಕಳಿಸಿದ್ದರಿಂದ ಕೆಲವು ಪ್ಯಾರಿಸ್ಸಿನಲ್ಲಿವೆ. ಬ್ರಿಟನ್ನಿಗೆ ಹೋದ ಕೆಲವು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.

ಓದುವ ಆತುರದಲ್ಲಿ ಮೊದಲು ಕೈಗೆತ್ತಿಕೊಂಡದ್ದು ಚಾಕು. ಅರಮನೆಯ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಕಮಿಲ್ಲೋ ಪದೇರ್ನಿ ಸುರುಳಿಗಳನ್ನು ಉದ್ದಕ್ಕೆ ಸೀಳಿ, ಹೊರಗಿನ ಪದರಗಳನ್ನು ಮರದ ತೊಗಟೆಯಂತೆ ಬೇರ್ಪಡಿಸಿದ. ಆ ತೊಗಟೆಯ ಒಂದು ಪದರದಲ್ಲಿ ಕಂಡ ಅಕ್ಷರಗಳ ಚಿತ್ರ ಬರೆದುಕೊಂಡು, ಆ ಪದರವನ್ನು ಕೆರೆದು ತೆಗೆದು, ಅದರಡಿಯದನ್ನು ನೋಡುವುದು ಮುಂದಿನ ಹೆಜ್ಜೆ. ಒಂದು ಪುಟ ಓದಬೇಕಾದರೆ ಅದರ ಮೇಲಿನ ಪುಟ ನಾಶವಾಗಲೇಬೇಕು. ಈ ವಿಧಾನದಲ್ಲಿ ಎಷ್ಟು ಪುಸ್ತಕಗಳು ಪುಡಿಯಾಗಿ ಹೋದವೆಂದು ನೆನೆದರೆ ಸಂಕಟವಾಗುತ್ತದೆ.

1753ರಲ್ಲಿ ವ್ಯಾಟಿಕನ್ನಿನಿಂದ ಬಂದ ಆಂಟೋನಿಯೋ ಪಿಯಾಜಿಯೋ ಎಂಬ ಪಾದ್ರಿ ಹೆಚ್ಚು ಸೌಮ್ಯವಾದ ಯಂತ್ರವೊಂದನ್ನು ಮಾಡಿದ. ಸುರುಳಿಯ ಹೊರಬೆನ್ನಿಗೆ ಪ್ರಾಣಿಯ ತೆಳು ಪೊರೆಯನ್ನು ಅಂಟಿಸಿ, ಅದಕ್ಕೆ ರೇಷ್ಮೆದಾರ ಕಟ್ಟಿ, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಮೇಲಕ್ಕೆಳೆಯುವ ಸಾಧನ ಅದು. ಮೊದಲ ಸುರುಳಿಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ದೊರೆತದ್ದು ಗಾದಾರಾ ಊರಿನ ಫಿಲೊಡೆಮಸ್ ಎಂಬ ತತ್ತ್ವಜ್ಞಾನಿ ಸಂಗೀತದ ಬಗ್ಗೆ ಬರೆದ ಗ್ರಂಥ. ಈ ಯಂತ್ರದಿಂದ ನೂರಾರು ಸುರುಳಿಗಳ ಭಾಗಗಳು ತೆರೆದವು, ಆದರೂ ತೀರ ಸುಟ್ಟವು ಅದಕ್ಕೂ ಜಗ್ಗಲಿಲ್ಲ. 1819ರಲ್ಲಿ ಹಂಫ್ರಿ ಡೇವಿಯಂಥ ದೊಡ್ಡ ರಸಾಯನಶಾಸ್ತ್ರಜ್ಞನೇ ನೇಪಲ್ಸಿಗೆ ಬಂದು ಅನಿಲಗಳನ್ನು ಪ್ರಯೋಗಿಸಿದರೂ ಫಲ ಅಲ್ಪವೇ ಆಯಿತು. ಯಾವ ಉಪಾಯಕ್ಕೂ ಬಗ್ಗದೆ ಮೂಲೆಗೆ ಸರಿಸಲ್ಪಟ್ಟ ನೂರಾರು ಸುರುಳಿಗಳೇ ಇಂದು ಹೊಸ ವಿಧಾನಕ್ಕೆ ದೊರೆತಿರುವ ಆಸ್ತಿ.

ಮುಚ್ಚಿದ್ದರ ಒಳಗನ್ನು ನೋಡುವ ಬಗೆ

ಆಸ್ಪತ್ರೆಗಳಲ್ಲಿ ಮಾಡುವ ಸಿ.ಟಿ. ಸ್ಕ್ಯಾನ್ ಈ ವಿಧಾನದ ತಳಹದಿ. ಸಾಮಾನ್ಯ ಎಕ್ಸ್-ರೇ ಚಿತ್ರವೆಂದರೆ ಒಂದು ಬಗೆಯ ನೆರಳು: ಕಿರಣ ಎಲುಬಿನಂಥ ದಟ್ಟ ವಸ್ತುವಿನಲ್ಲಿ ಹೆಚ್ಚು ಹೀರಲ್ಪಡುತ್ತದೆ, ಮಾಂಸದಂಥದ್ದರಲ್ಲಿ ಸುಲಭವಾಗಿ ದಾಟಿಹೋಗುತ್ತದೆ. ಒಂದು ಕಡೆಯಿಂದ ತೆಗೆದ ನೆರಳಿನಲ್ಲಿ ಹಿಂದಿನದು ಮುಂದಿನದು ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತದೆ. ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಎಲ್ಲ ಕಡೆಯಿಂದಲೂ ಸಾವಿರಾರು ನೆರಳುಗಳನ್ನು ತೆಗೆದರೆ, ಯಾವ ಬಿಂದುವಿನಲ್ಲಿ ಎಷ್ಟು ದಟ್ಟಣೆಯಿದ್ದರೆ ಈ ಎಲ್ಲ ನೆರಳುಗಳೂ ಹೊಂದುತ್ತವೆ ಎಂಬುದನ್ನು ಗಣಕ ಲೆಕ್ಕ ಹಾಕಿ ಹೇಳಬಲ್ಲದು. ಫಲಿತಾಂಶವನ್ನು ಸಕ್ಕರೆಯ ಪುಟ್ಟ ಘನಾಕಾರದ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿದ ರಾಶಿಯಂತೆ ಕಲ್ಪಿಸಿಕೊಳ್ಳಬಹುದು. ಪ್ರತಿ ತುಂಡಿಗೂ ಒಂದು ಸಂಖ್ಯೆ. ಆ ಸಂಖ್ಯೆಯೇ ಅಲ್ಲಿನ ದಟ್ಟಣೆ. ಇಂಥ ತುಂಡಿಗೆ ವಾಕ್ಸೆಲ್ ಎಂದು ಹೆಸರು.

ಸುರುಳಿಯ ಪದರ ಅತಿ ತೆಳುವಾದ್ದರಿಂದ ಆಸ್ಪತ್ರೆಯ ಯಂತ್ರದ ಸೂಕ್ಷ್ಮತೆ ಸಾಲದು. ಅದಕ್ಕಾಗಿ ಬ್ರಿಟನ್ನಿನ ಆಕ್ಸ್‌ಫರ್ಡ್‌ಶೈರಿನಲ್ಲಿರುವ ಡೈಮಂಡ್ ಲೈಟ್ ಸೋರ್ಸ್ ಎಂಬ ಸಿಂಕ್ರೊಟ್ರಾನ್ ಕೇಂದ್ರಕ್ಕೆ ಸುರುಳಿಗಳನ್ನು ಒಯ್ಯಲಾಯಿತು. ಸಿಂಕ್ರೊಟ್ರಾನ್ ಎಂದರೆ ಎಲೆಕ್ಟ್ರಾನ್‌ಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸುವ ಬೃಹತ್ ಉಂಗುರ. ಡೈಮಂಡ್‌ನ ಉಂಗುರದ ಸುತ್ತಳತೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು. ನೆಟ್ಟಗೆ ಓಡುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತಗಳು ಬಾಗಿಸಿದಾಗ ಅವುಗಳಿಂದ ಅತ್ಯಂತ ಪ್ರಖರವಾದ, ಚದುರದೆ ಸಾಗುವ ಎಕ್ಸ್-ಕಿರಣ ಹೊಮ್ಮುತ್ತದೆ. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2 ಇದೇ ತತ್ತ್ವದ ಯಂತ್ರ. 2019ರಲ್ಲಿ ಡೈಮಂಡ್‌ನಲ್ಲಿ ಪ್ಯಾರಿಸ್ಸಿನ ಸುರುಳಿಗಳನ್ನು ಚಿತ್ರಿಸಿದಾಗ ಒಂದೊಂದು ವಾಕ್ಸೆಲ್ಲಿನ ಅಳತೆ ಸುಮಾರು 8 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಭಾಗದ ಆಸುಪಾಸು. ಅಷ್ಟು ಸಣ್ಣ ತುಂಡುಗಳಲ್ಲಿ ಇಡೀ ಸುರುಳಿಯನ್ನು ದಾಖಲಿಸಿದರೆ ಮಾಹಿತಿಯ ಗಾತ್ರವನ್ನು ಟೆರಾಬೈಟ್‌ಗಳಲ್ಲಿ ಎಣಿಸಬೇಕಾಗುತ್ತದೆ.

ಪತ್ರೊಡೆಯ ಸುತ್ತು

ಇನ್ನು ಕೈಯಲ್ಲಿರುವುದು ಸುರುಳಿಯ ಅಡ್ಡಕೊಯ್ತದ ಸಾವಿರಾರು ಚಿತ್ರಗಳು. ಇವು ಹೇಗಿರುತ್ತವೆಂದು ತಿಳಿಯಲು ಪತ್ರೊಡೆಯನ್ನು ನೆನೆಯುವುದು ಒಳ್ಳೆಯದು. ಕೆಸುವಿನ ಎಲೆಗಳಿಗೆ ಹಿಟ್ಟು ಬಳಿದು, ಒಂದರ ಮೇಲೊಂದು ಇಟ್ಟು, ಸುತ್ತಿ ಬೇಯಿಸಿ, ಬಿಲ್ಲೆಗಳಾಗಿ ಕೊಯ್ದಾಗ ಪ್ರತಿ ಬಿಲ್ಲೆಯ ಮುಖದಲ್ಲೂ ಹಸಿರು ಗೆರೆಯೊಂದು ಸುತ್ತಿಕೊಂಡು ಒಳಗೆ ಹೋಗುವುದು ಕಾಣುತ್ತದೆ. ಸಿ.ಟಿ. ಚಿತ್ರದಲ್ಲಿ ಆ ಹಸಿರು ಗೆರೆಯ ಜಾಗದಲ್ಲಿ ಪಪೈರಸ್ ಇರುತ್ತದೆ. ಎಲ್ಲ ಬಿಲ್ಲೆಗಳಲ್ಲೂ ಅದೇ ಗೆರೆಯನ್ನು ಗುರುತಿಸಿ ಒಂದಕ್ಕೊಂದು ಜೋಡಿಸಿದರೆ ಇಡೀ ಎಲೆಯ ಮೇಲ್ಮೈ ಗಣಕದೊಳಗೆ ರೂಪುಗೊಳ್ಳುತ್ತದೆ.

ಹೇಳುವುದಕ್ಕೆ ಇಷ್ಟು ಸುಲಭ; ಮಾಡುವಾಗ ಎದುರಾಗುವುದು ಜಜ್ಜಿಹೋದ ಪತ್ರೊಡೆ. ಗೆರೆಗಳು ಒಂದನ್ನೊಂದು ಮುಟ್ಟುತ್ತವೆ, ಹರಿಯುತ್ತವೆ, ಮಡಚಿಕೊಳ್ಳುತ್ತವೆ. ನೂರಕ್ಕೂ ಹೆಚ್ಚು ಸುತ್ತುಗಳಿರುವಲ್ಲಿ ಒಂದು ಕಡೆ ಗೆರೆ ತಪ್ಪಿ ಪಕ್ಕದ ಸುತ್ತಿಗೆ ಜಿಗಿದರೆ ಅಲ್ಲಿಂದ ಮುಂದೆ ಓದುವುದು ಬೇರೆಯೇ ಪುಟವಾಗುತ್ತದೆ. ಈ ಪದರ ಬಿಡಿಸುವ ಕೆಲಸವನ್ನು ಬಹುಪಾಲು ಮನುಷ್ಯರೇ ಪರದೆಯ ಮೇಲೆ ಬಿಂದು ಬಿಂದುವಾಗಿ ಗುರುತು ಹಾಕುತ್ತ ತಿಂಗಳುಗಟ್ಟಲೆ ಮಾಡಿದರು. ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿ ಜೂಲಿಯನ್ ಶಿಲ್ಲಿಗರ್ ಇದನ್ನು ಸಾಕಷ್ಟು ಮಟ್ಟಿಗೆ ತಾನಾಗಿ ಮಾಡುವ ತಂತ್ರಾಂಶ ಬರೆದರು; ಬಹುಮಾನ ಪಡೆದ ಮೂವರಲ್ಲಿ ಅವರೊಬ್ಬರು.

ಬಿಡಿಸಿದ ಪದರ ಇನ್ನೂ ಮುದುಡಿದ ರೇಷ್ಮೆ ಸೀರೆಯ ಹಾಗೆ ಏರುತಗ್ಗಿನಿಂದ ಕೂಡಿರುತ್ತದೆ. ಅದನ್ನು ಹಿಗ್ಗಿಸದೆ ಕುಗ್ಗಿಸದೆ ಸಮತಟ್ಟಾಗಿ ಹರಡುವುದು ಗಣಿತದ ಕೆಲಸ. ಈ ಇಡೀ ಕ್ರಮಕ್ಕೆ ‘ಕಲ್ಪಿತ ಬಿಡಿಕೆ’ ಎನ್ನಬಹುದು: ವಸ್ತು ತನ್ನ ಪಾಡಿಗೆ ಪೆಟ್ಟಿಗೆಯಲ್ಲಿರುತ್ತದೆ, ಅದರ ಪ್ರತಿರೂಪ ಮಾತ್ರ ಗಣಕದಲ್ಲಿ ಬಿಚ್ಚಿಕೊಳ್ಳುತ್ತದೆ. ಇದನ್ನು ಎರಡು ದಶಕಗಳಿಗೂ ಮಿಕ್ಕು ಕಾಲ ಬೆಳೆಸಿದವರು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಬ್ರೆಂಟ್ ಸೀಲ್ಸ್. ಮೃತ ಸಮುದ್ರದ ದಡದ ಐನ್ ಗೆಡಿಯಲ್ಲಿ 1970ರಲ್ಲಿ ದೊರೆತ, ಸುಟ್ಟ ಯೆಹೂದಿ ಪ್ರಾರ್ಥನಾ ಮಂದಿರದ ಚರ್ಮದ ಸುರುಳಿಯನ್ನು ಅವರ ತಂಡ ಈ ವಿಧಾನದಲ್ಲಿ ಓದಿತು. ಅದು ಹೀಬ್ರೂ ಬೈಬಲ್ಲಿನ ಲೇವಿಯ ಕಾಂಡವೆಂದು 2015ರಲ್ಲಿ ಪ್ರಕಟವಾಯಿತು.

ಕಪ್ಪಿನ ಮೇಲೆ ಕಪ್ಪು

ಐನ್ ಗೆಡಿಯಲ್ಲಿ ಫಲಿಸಿದ ಉಪಾಯ ಹರ್ಕ್ಯುಲೇನಿಯಂನಲ್ಲಿ ಕೈಕೊಟ್ಟಿತು. ಕಾರಣ, ಆಗ ಹೇಳಿದ ಮಸಿ. ಐನ್ ಗೆಡಿಯ ಶಾಯಿ ಚರ್ಮಕ್ಕಿಂತ ದಟ್ಟವಾಗಿದ್ದುದರಿಂದ ಎಕ್ಸ್-ಕಿರಣದಲ್ಲಿ ಬೆಳ್ಳಗೆ ಎದ್ದು ಕಂಡಿತು. ಇಲ್ಲಿ ಸುಟ್ಟ ಪಪೈರಸ್ ಎಂದರೆ ಇಂಗಾಲ, ಮಸಿ ಎಂದರೆ ಅದೂ ಇಂಗಾಲ. ಕರಿಹಲಗೆಯ ಮೇಲೆ ಇದ್ದಿಲಿನಿಂದ ಬರೆದ ಹಾಗೆ. 2009ರಲ್ಲಿ ಸೀಲ್ಸ್ ತಂಡ ಪ್ಯಾರಿಸ್ಸಿನ ಸುರುಳಿಗಳನ್ನು ಮೊದಲ ಬಾರಿ ಸ್ಕ್ಯಾನ್ ಮಾಡಿದಾಗ ಸುತ್ತುಗಳು ಸೊಗಸಾಗಿ ಕಂಡವು, ಅಕ್ಷರ ಒಂದೂ ಕಾಣಲಿಲ್ಲ.

ಆದರೆ ಬಣ್ಣವೊಂದೇ ಅಕ್ಷರದ ಗುರುತಲ್ಲ. ನಮ್ಮ ಓಲೆಗರಿಗಳನ್ನೇ ನೋಡಿ: ಕಂಟದಿಂದ, ಅಂದರೆ ಮೊನಚಾದ ಲೋಹದ ಕಡ್ಡಿಯಿಂದ, ಗೀರಿ ಬರೆದ ಗರಿಗೆ ಮಸಿ ತುಂಬುವ ಮೊದಲೂ ಅಕ್ಷರ ಇದ್ದೇ ಇರುತ್ತದೆ, ಬೆಳಕನ್ನು ಓರೆಯಾಗಿ ಹಿಡಿದರೆ ಗೀರಿನ ತಗ್ಗು ಕಾಣುತ್ತದೆ. ಪಪೈರಸ್ಸಿನಲ್ಲಿ ಮಸಿ ಗೀರಾಗಿಲ್ಲ, ತೆಳ್ಳನೆಯ ಲೇಪವಾಗಿ ಮೇಲೆ ಕೂತಿದೆ. ಆ ಲೇಪಕ್ಕೆ ಒಂದಿಷ್ಟು ದಪ್ಪ ಇದ್ದೀತು, ಅದು ಎಳೆಗಳ ಮೇಲ್ಮೈಯನ್ನು ಎಷ್ಟೋ ಕೊಂಚ ಬದಲಿಸಿದ್ದೀತು ಎಂಬುದು ಸೀಲ್ಸ್ ತಂಡದ ನಂಬಿಕೆಯಾಗಿತ್ತು. ಸುರುಳಿಗಳಿಂದ ಹಿಂದೆಯೇ ಕಳಚಿದ ಕೆಲವು ಚೂರುಗಳ ಮೇಲೆ ಅಕ್ಷರಗಳು ಕಣ್ಣಿಗೆ, ಅವಕೆಂಪು ಬೆಳಕಿನಲ್ಲಂತೂ ಸ್ಪಷ್ಟವಾಗಿ, ಕಾಣುತ್ತವೆ. ಆ ಚೂರುಗಳನ್ನು ಎಕ್ಸ್-ಕಿರಣದಲ್ಲೂ ಸ್ಕ್ಯಾನ್ ಮಾಡಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ, ಮಸಿ ಇರುವ ಜಾಗ ಎಕ್ಸ್-ಕಿರಣದಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ಉದಾಹರಣೆಗಳು ಸಿಗುತ್ತವೆ.

ಯಂತ್ರ ಕಲಿಕೆ ಎಂಬುದು ಕೆಲಸಕ್ಕೆ ಬರುವುದು ಇಲ್ಲಿ. ಮೊರದಲ್ಲಿ ಅಕ್ಕಿ ಆರಿಸುವುದನ್ನು ಮಗುವಿಗೆ ಕಲಿಸುವಾಗ ಕಲ್ಲಿನ ಲಕ್ಷಣಗಳನ್ನು ಯಾರೂ ವ್ಯಾಖ್ಯಾನಿಸಿ ಹೇಳುವುದಿಲ್ಲ. ‘ಇದು ಕಲ್ಲು, ಇದು ಅಕ್ಕಿ’ ಎಂದು ತೋರಿಸುತ್ತ ಹೋದರೆ, ಕೆಲವು ದಿನಗಳಲ್ಲಿ ಬಿಳಿಯ ಕಲ್ಲನ್ನೂ ಅದರ ಬೆರಳು ತಾನಾಗಿ ಹೆಕ್ಕುತ್ತದೆ. ಗಣಕಕ್ಕೂ ಹಾಗೆಯೇ ‘ಇಲ್ಲಿ ಮಸಿಯಿದೆ, ಇಲ್ಲಿ ಇಲ್ಲ’ ಎಂಬ ಸಾವಿರಾರು ಮಾದರಿಗಳನ್ನು ಒದಗಿಸಿದರೆ, ನಮ್ಮ ಕಣ್ಣಿಗೆ ಬೀಳದ ವ್ಯತ್ಯಾಸವನ್ನು ಅದು ಹಿಡಿಯಲು ಕಲಿಯುತ್ತದೆ.

ಚೂರುಗಳಲ್ಲಿ ಕಲಿತದ್ದು ಮುಚ್ಚಿದ ಸುರುಳಿಯಲ್ಲಿ ನಡೆದೀತೇ ಎಂಬ ಪ್ರಶ್ನೆ ಉಳಿದಿತ್ತು. 2023ರ ಮಾರ್ಚ್‌ನಲ್ಲಿ ಸೀಲ್ಸ್ ಅವರೊಂದಿಗೆ ತಂತ್ರಜ್ಞಾನ ಉದ್ಯಮಿಗಳಾದ ನ್ಯಾಟ್ ಫ್ರೀಡ್‌ಮನ್ ಮತ್ತು ಡೇನಿಯಲ್ ಗ್ರಾಸ್ ಸೇರಿ ‘ವೆಸುವಿಯಸ್ ಚಾಲೆಂಜ್’ ಎಂಬ ಸ್ಪರ್ಧೆ ಆರಂಭಿಸಿ, ಸ್ಕ್ಯಾನ್ ಮಾಹಿತಿಯನ್ನು ಜಗತ್ತಿಗೆ ಮುಕ್ತವಾಗಿ ಬಿಟ್ಟರು. ಕೆಲವೇ ತಿಂಗಳಲ್ಲಿ ಕೇಸಿ ಹ್ಯಾಂಡ್ಮರ್ ಎಂಬವರು ಯಾವ ಯಂತ್ರದ ನೆರವೂ ಇಲ್ಲದೆ, ಸಮತಟ್ಟಾಗಿಸಿದ ಚಿತ್ರಗಳನ್ನು ಗಂಟೆಗಟ್ಟಲೆ ದಿಟ್ಟಿಸಿ ನೋಡಿ, ಒಂದು ವಿಚಿತ್ರ ನೇಯ್ಗೆಯನ್ನು ಗುರುತಿಸಿದರು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಒಣಗಿ ಬಿರಿದಾಗ ಕಾಣುವಂಥ ಬಿರುಕುಗಳ ಜಾಲ ಅದು. ಆ ಜಾಲ ಎಲ್ಲೆಡೆ ಇರಲಿಲ್ಲ. ಇದ್ದಲ್ಲಿ ಗ್ರೀಕ್ ಅಕ್ಷರದ ಆಕಾರದಲ್ಲಿತ್ತು. ಒಣಗಿ ಬಿರಿದ ಮಸಿಯೇ ಅದಾಗಿತ್ತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಮಹತ್ತ್ವದ ಗಳಿಗೆ ಇದು.

ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲ್ಯೂಕ್ ಫಾರಿಟರ್ ಈ ಬಿರುಕುಗಳನ್ನೇ ಮಾದರಿಯಾಗಿ ಕೊಟ್ಟು ಗಣಕವನ್ನು ತರಬೇತುಗೊಳಿಸಿದರು. ಅದು ಇನ್ನಷ್ಟು ಬಿರುಕುಗಳನ್ನು ತೋರಿಸಿತು; ಅವನ್ನೂ ಸೇರಿಸಿ ಮತ್ತೆ ಕಲಿಸಿದರು. ಹೀಗೆ ಹೊರಬಂದ ಮೊದಲ ಪೂರ್ಣ ಪದ ‘ಪೋರ್ಫುರಾಸ್’, ಅಂದರೆ ಕೆನ್ನೇರಳೆ ಬಣ್ಣ ಅಥವಾ ಆ ಬಣ್ಣದ ಬಟ್ಟೆ. 2023ರ ಅಕ್ಟೋಬರಿನಲ್ಲಿ ಇದು ಪ್ರಕಟವಾಯಿತು. ಬರ್ಲಿನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಈಜಿಪ್ಟಿನ ಯೂಸೆಫ್ ನಾದರ್ ಬೇರೊಂದು ದಾರಿಯಿಂದ ಅದೇ ಜಾಗದಲ್ಲಿ ಅದೇ ಪದವನ್ನು ಇನ್ನೂ ಸ್ಪಷ್ಟವಾಗಿ ಕಂಡಿದ್ದರು. ನಂತರ ಇವರಿಬ್ಬರೂ ಶಿಲ್ಲಿಗರ್ ಅವರೊಂದಿಗೆ ಕೂಡಿ ದೊಡ್ಡ ಬಹುಮಾನ ಗೆದ್ದರು. ಸ್ಪರ್ಧೆ ಕೇಳಿದ್ದು ತಲಾ 140 ಅಕ್ಷರಗಳ ನಾಲ್ಕು ಭಾಗಗಳನ್ನು. ಅವರು ಕೊಟ್ಟದ್ದು 15 ಅಂಕಣಗಳಷ್ಟು ಬರಹ.

ಯಂತ್ರ ಕಲ್ಪಿಸಿ ಬರೆದಿದ್ದರೆ?

ಕೃತಕ ಬುದ್ಧಿಮತ್ತೆಯ ಮಾತುಗಾರ ತಂತ್ರಾಂಶಗಳು ಇಲ್ಲದ್ದನ್ನು ಇದೆಯೆಂದು ಹೇಳುವುದನ್ನು ಕಂಡವರಿಗೆ ಈ ಅನುಮಾನ ಬರಲೇಬೇಕು. ಇಲ್ಲಿ ಬಳಸಿದ ತಂತ್ರಾಂಶ ಆ ಬಗೆಯದಲ್ಲ. ಅದಕ್ಕೆ ಗ್ರೀಕ್ ಭಾಷೆ ಗೊತ್ತಿಲ್ಲ, ಮುಂದಿನ ಪದವನ್ನು ಊಹಿಸುವ ಕೆಲಸವನ್ನು ಅದಕ್ಕೆ ಕೊಟ್ಟೂ ಇಲ್ಲ. ಅದು ಪದರದ ಚಿಕ್ಕದೊಂದು ಚೌಕವನ್ನು ಮಾತ್ರ ನೋಡಿ ಇಲ್ಲಿ ಮಸಿ ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಆ ಚೌಕ ಒಂದು ಇಡೀ ಅಕ್ಷರಕ್ಕಿಂತಲೂ ಚಿಕ್ಕದಾಗಿರುವಂತೆ ಬೇಕೆಂದೇ ನೋಡಿಕೊಳ್ಳಲಾಗಿದೆ, ಏಕೆಂದರೆ ಇಡೀ ಅಕ್ಷರವನ್ನು ಕಾಣಲು ಬಿಟ್ಟರೆ ಅರ್ಧ ಕಂಡಾಗ ಉಳಿದರ್ಧವನ್ನು ತಾನೇ ತುಂಬುವ ಅಪಾಯವಿರುತ್ತದೆ. ‘ಇದೆ, ಇಲ್ಲ’ ಎಂಬ ಲಕ್ಷಾಂತರ ಉತ್ತರಗಳನ್ನು ಜೋಡಿಸಿದಾಗ ಅಕ್ಷರ ಮೂಡಿದರೆ, ಅದು ಪಪೈರಸ್ಸಿನಲ್ಲಿ ಇದ್ದದ್ದರಿಂದಲೇ ಮೂಡಿದ್ದು.

ಅಷ್ಟಕ್ಕೂ ಓದುವುದು ಯಂತ್ರವಲ್ಲ. ಮೂಡಿದ ಚಿತ್ರಗಳನ್ನು ಪಪೈರಸ್ ತಜ್ಞರ ಮಂಡಳಿಗೆ ಒಪ್ಪಿಸಲಾಯಿತು. ನೇಪಲ್ಸಿನ ಫೆದೆರಿಕಾ ನಿಕೊಲಾರ್ದಿ ಮತ್ತು ಅವರ ಸಹೋದ್ಯೋಗಿಗಳು ಮಸುಕಾದ ಗೆರೆಗಳನ್ನು ಅಕ್ಷರವಾಗಿಯೂ ಅಕ್ಷರಗಳನ್ನು ಪದವಾಗಿಯೂ ಬಿಡಿಸಿದರು. ನಮ್ಮ ಹಳೆಯ ಶಾಸನಗಳಂತೆ, ಓಲೆಗರಿಗಳಂತೆ, ಈ ಗ್ರೀಕ್ ಬರಹದಲ್ಲೂ ಪದಗಳ ನಡುವೆ ತೆರಪಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಭಾಷೆ ಬಲ್ಲವರೇ ಹೇಳಬೇಕು. ತಳುಕು ಹಾಕಿದರೂ ಅರ್ಥ ಕೂಡದ ಕಡೆ ಅವರು ಖಾಲಿ ಬಿಟ್ಟಿದ್ದಾರೆ.

ಓದಿದ್ದರಲ್ಲಿ ಏನಿತ್ತು?

ಕಂಡಿರುವುದು ಸುರುಳಿಯ ಸುಮಾರು 5 ಶೇಕಡ, ಅದೂ ಗ್ರಂಥದ ಕೊನೆಯ ಭಾಗ. ವಿಷಯ ಸುಖ. ಆಹಾರದಂಥ ವಸ್ತುಗಳಲ್ಲಿ ವಿರಳವಾಗಿ ಸಿಗುವುದೇ ಹೇರಳವಾಗಿ ಸಿಗುವುದಕ್ಕಿಂತ ಹೆಚ್ಚು ಸುಖ ಕೊಡುತ್ತದೆಯೇ ಎಂದು ಲೇಖಕ ಕೇಳಿಕೊಳ್ಳುತ್ತಾನೆ, ಹಾಗೆಂದು ಒಡನೆ ನಂಬಬೇಕಾಗಿಲ್ಲವೆನ್ನುತ್ತಾನೆ. ಸಂಗೀತದ ಪ್ರಸ್ತಾಪವಿದೆ, ಕೊಳಲು ನುಡಿಸುವವನೊಬ್ಬನ ಹೆಸರಿದೆ. ಎಪಿಕ್ಯೂರಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯ ಪಂಥದ ಧಾಟಿ ಇದು. ಬರೆದವನು ಪ್ರಾಯಶಃ ಆ ಪಂಥದ ಫಿಲೊಡೆಮಸ್‌ನೇ.

ಇದೇ ಸಮಯದಲ್ಲಿ, 2024ರ ಏಪ್ರಿಲಿನಲ್ಲಿ, ಪ್ಲೇಟೋನನ್ನು ಅಥೆನ್ಸಿನ ತನ್ನ ಅಕಾಡೆಮಿಯ ತೋಟದಲ್ಲಿ ಹೂಳಲಾಗಿತ್ತೆಂದು ಹರ್ಕ್ಯುಲೇನಿಯಂನ ಪಪೈರಸ್ಸಿನಿಂದ ತಿಳಿದುಬಂದ ಸುದ್ದಿಯೂ ಹರಡಿತು. ಅನೇಕರು ಎರಡನ್ನೂ ಒಂದೇ ಎಂದುಕೊಂಡರು. ಪ್ಲೇಟೋನ ವಿಷಯ ಬಂದದ್ದು ಹಿಂದೆಯೇ ಬಿಚ್ಚಿದ್ದ ಸುರುಳಿಯೊಂದರಿಂದ. ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಚಿತ್ರ ತೆಗೆದು ಮಾಸಿದ ಅಕ್ಷರಗಳನ್ನು ಎಬ್ಬಿಸಿ ಗ್ರಾಜಿಯಾನೋ ರಾನೋಕ್ಯಾ ಅವರ ತಂಡ ಅದನ್ನು ಮರುಓದಿತು. ಕಲ್ಪಿತ ಬಿಡಿಕೆಗೂ ಅದಕ್ಕೂ ಸಂಬಂಧವಿಲ್ಲ.

ಬಿಚ್ಚದೆ ಓದುವ ಕೆಲಸದಲ್ಲಿ ಮುಂದಿನ ಹೆಜ್ಜೆ ಇಟ್ಟದ್ದು ಆಕ್ಸ್‌ಫರ್ಡಿನ ಸುರುಳಿ. 2025ರ ಫೆಬ್ರವರಿಯಲ್ಲಿ ಅದರೊಳಗಿನ ಮೊದಲ ಚಿತ್ರಗಳು ಹೊರಬಂದವು. ಇದರ ಮಸಿ ಎಕ್ಸ್-ಕಿರಣದಲ್ಲಿ ಹೆಚ್ಚು ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಸೀಸದಂಥ ದಟ್ಟ ಲೋಹದ ಅಂಶ ಬೆರೆತಿರಬಹುದೆಂಬ ಊಹೆಯಿದೆ. ಆ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನ ಇಬ್ಬರು ವಿದ್ಯಾರ್ಥಿಗಳು ಅದರ ಶೀರ್ಷಿಕೆಯನ್ನೇ ಕಂಡುಹಿಡಿದರು: ಫಿಲೊಡೆಮಸ್, ‘ದುರ್ಗುಣಗಳ ಕುರಿತು’. ಬಿಚ್ಚದ ಸುರುಳಿಯೊಂದರ ಹೆಸರು ಗೊತ್ತಾದದ್ದು ಅದೇ ಮೊದಲು. ಶೀರ್ಷಿಕೆ ಇದ್ದದ್ದು ಗ್ರಂಥದ ಕೊನೆಯಲ್ಲಿ, ಅಂದರೆ ಸುರುಳಿಯ ಅತ್ಯಂತ ಒಳಗಿನ ಸುತ್ತಿನಲ್ಲಿ. ಹಳಗನ್ನಡ ಕಾವ್ಯಗಳ ಆಶ್ವಾಸಾಂತ್ಯದ ಗದ್ಯದಲ್ಲಿ ಕವಿಯ ಹೆಸರೂ ಕೃತಿಯ ಹೆಸರೂ ಬರುವುದನ್ನು ಬಲ್ಲವರಿಗೆ ಈ ಪದ್ಧತಿ ಹೊಸದೆನಿಸುವುದಿಲ್ಲ.

ಉಳಿದಿರುವ ಸುತ್ತುಗಳು

ನಾಲ್ಕು ಸುರುಳಿಗಳ 90 ಶೇಕಡ ಓದಬೇಕೆಂದು 2024ಕ್ಕೆ ಇಟ್ಟ ಗುರಿ ಆ ವರ್ಷ ಕೈಗೂಡಲಿಲ್ಲ. ಮಸಿ ಗುರುತಿಸುವುದಕ್ಕಿಂತ ಜಜ್ಜಿಹೋದ ಪದರಗಳನ್ನು ಬಿಡಿಸುವುದೇ ದೊಡ್ಡ ತೊಡಕಾಗಿ ಉಳಿದಿದೆ. ಇಷ್ಟು ಸೂಕ್ಷ್ಮ ವಸ್ತುಗಳನ್ನು ಗ್ರಂಥಾಲಯದಿಂದ ಸಿಂಕ್ರೊಟ್ರಾನ್ ಕೇಂದ್ರಕ್ಕೆ ಒಯ್ದು ತರುವುದೂ ಸುಲಭವಲ್ಲ. ಬಂಗಲೆಯ ಪೂರ್ತಿ ಉತ್ಖನನವೂ ಆಗಿಲ್ಲ. 1990ರ ದಶಕದಲ್ಲಿ ಅದರ ಕೆಳ ಅಂತಸ್ತುಗಳು ಕಂಡ ಮೇಲೆ, ಅಲ್ಲಿ ಇನ್ನೂ ಪುಸ್ತಕಗಳಿರಬಹುದು, ಅಗೆಯಬೇಕು ಎನ್ನುವವರೂ ಈಗ ಹೊರಗಿರುವುದನ್ನು ಮೊದಲು ಕಾಪಾಡೋಣ ಎನ್ನುವವರೂ ಇದ್ದಾರೆ. ಮೇಲೆ ಇಂದಿನ ಎರ್ಕೊಲಾನೋ ಪಟ್ಟಣದ ಜನವಸತಿಯಿದೆ.

ನೇಪಲ್ಸಿನ ಕಪಾಟುಗಳಲ್ಲಿರುವ ಬಿಚ್ಚದ ತುಂಡುಗಳಲ್ಲಿ ಎಷ್ಟೋ ಪೂರ್ಣ ಸುರುಳಿಗಳಲ್ಲ. ಹದಿನೆಂಟನೆಯ ಶತಮಾನದಲ್ಲಿ ತೊಗಟೆ ಸೀಳಿ ತೆಗೆದ ಮೇಲೆ ಉಳಿದ ತಿರುಳುಗಳು ಅವು. ತೊಗಟೆಯ ಪದರಗಳು ಕೆರೆದುಹೋಗಿವೆ. ಕೆರೆಯುವ ಮುನ್ನ ಗ್ರೀಕ್ ಬಾರದ ಚಿತ್ರಕಾರರು ಕಂಡಂತೆ ಬಿಡಿಸಿಟ್ಟ ರೇಖಾಚಿತ್ರಗಳು ಮಾತ್ರ ನೇಪಲ್ಸ್ ಮತ್ತು ಆಕ್ಸ್‌ಫರ್ಡಿನಲ್ಲಿ ಉಳಿದಿವೆ. ಅವುಗಳಲ್ಲಿ ಎಷ್ಟೋ ಚಿತ್ರಗಳು ಯಾವ ಪುಸ್ತಕದವೆಂದು ಹೇಳುವ ಶೀರ್ಷಿಕೆ ಕಣ್ಣಿಗೆ ಬಿದ್ದಿಲ್ಲ. ಅದು ಉಳಿದಿದ್ದರೆ ತಿರುಳಿನ ನಟ್ಟನಡುವಿನ ಸುತ್ತಿನಲ್ಲೇ ಇರಬೇಕು.